ಸಂವಿಧಾನ ರಚನಾ ಸಭೆಯ ರಾಜಿಗಳು: 1949ರ ಸೆಪ್ಟೆಂಬರಿನ ಒಂದು ವಾರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಸಂವಿಧಾನವನ್ನು ಒಮ್ಮತದಿಂದ ರೂಪಿಸಲಾಯಿತು ಎಂದು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ‘ಎಲ್ಲರೂ ಒಪ್ಪಿಕೊಂಡಿದ್ದರೆ ಸುಮಾರು ಮೂರು ವರ್ಷ ಯಾಕೆ ಬೇಕಾಯಿತು?’ ಎಂದು ಕೇಳಿದಳು. ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಸದಸ್ಯರು ಒಪ್ಪದಿದ್ದ ವಿಷಯಗಳು ಯಾವುವು, ಅವನ್ನು ಹೇಗೆ ಬಗೆಹರಿಸಿದರು, ಹಾಗೆ ಮಾಡಿಕೊಂಡ ರಾಜಿಗಳಿಂದ ಸಂವಿಧಾನಕ್ಕೆ ಹಾನಿಯಾಯಿತೇ ಎಂಬುದನ್ನು ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಸರಿಯಾದ ಪ್ರಶ್ನೆ. ಸಂವಿಧಾನ ರಚನಾ ಸಭೆ ಮೊದಲ ಬಾರಿ ಸೇರಿದ್ದು 1946ರ ಡಿಸೆಂಬರ್ 9ರಂದು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಈ ಅವಧಿಯಲ್ಲಿ ಸಭೆ ನಡೆದದ್ದು 165 ದಿನ, ಅದರಲ್ಲಿ 114 ದಿನ ಕರಡಿನ ಚರ್ಚೆಗೇ ಹೋಯಿತು. ಕರಡಿಗೆ ಸೂಚಿಸಲಾದ ತಿದ್ದುಪಡಿಗಳ ಸಂಖ್ಯೆ 7,635. ಸಭೆಯಲ್ಲಿ ವಾಸ್ತವವಾಗಿ ಮಂಡನೆಯಾದವು 2,473. ಒಂದೇ ಮನಸ್ಸಿನವರು ಸೇರಿದ್ದ ಸಭೆಗೆ ಇಷ್ಟು ತಿದ್ದುಪಡಿಗಳು ಬರುವುದಿಲ್ಲ. ಹಾಗೆಂದು ಪಠ್ಯಪುಸ್ತಕದ ಮಾತು ಪೂರ್ತಿ ತಪ್ಪೂ ಅಲ್ಲ. ಬಹುಮತದ ಬಲದಿಂದ ಮುಗಿಸಬಹುದಾಗಿದ್ದ ಅನೇಕ ಜಗಳಗಳನ್ನು ಸಭೆ ಹಾಗೆ ಮುಗಿಸಲಿಲ್ಲ. ಪ್ರತಿಯೊಂದಕ್ಕೂ ಒಂದು ಜಾಗವನ್ನೋ, ಒಂದು ಗಡುವನ್ನೋ, ಎರಡೂ ಕಡೆಯವರು ತಮ್ಮದೆಂದು ಓದಿಕೊಳ್ಳಬಹುದಾದ ಒಂದು ಪದವನ್ನೋ ಹುಡುಕಿಕೊಟ್ಟಿತು. ಆಮೇಲಿನ ನಮ್ಮ ಸಾಂವಿಧಾನಿಕ ಇತಿಹಾಸದ ಬಹುಭಾಗ ಆ ಗಡುವುಗಳು ಮುಗಿದಾಗ ಮತ್ತು ಆ ಪದಗಳು ನ್ಯಾಯಾಲಯದ ಕಟ್ಟೆ ಹತ್ತಿದಾಗ ಏನಾಯಿತು ಎಂಬುದರ ಕಥೆಯೇ ಆಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಲ್ಲವೂ ರಾಜಿಯಾಗಿರಲಿಲ್ಲ. ವಯಸ್ಕ ಮತದಾನದ ವಿಷಯದಲ್ಲಿ ಸಭೆ ಹೆಚ್ಚು ತಡಕಾಡಲಿಲ್ಲ. ಬಹುಪಾಲು ಜನರಿಗೆ ಓದು ಬರಹ ಬಾರದ ದೇಶದಲ್ಲಿ, ಆಸ್ತಿ, ವಿದ್ಯೆ, ಲಿಂಗ ಯಾವುದನ್ನೂ ಲೆಕ್ಕಿಸದೆ ಒಬ್ಬರಿಗೆ ಒಂದು ಮತ ಎಂದು ತೀರ್ಮಾನಿಸಲಾಯಿತು. ಈ ಸಭೆಯೇ ಸೀಮಿತ ಮತದಾನದಿಂದ ಬಂದ ಪ್ರಾಂತೀಯ ಶಾಸಕರು ಪರೋಕ್ಷವಾಗಿ ಆರಿಸಿದ್ದ ಸಭೆ ಎಂಬುದನ್ನು ನೆನೆದರೆ ಈ ನಿರ್ಧಾರದ ತೂಕ ಇನ್ನಷ್ಟು ತಿಳಿಯುತ್ತದೆ. ಅಸ್ಪೃಶ್ಯತೆಯ ನಿಷೇಧದ ವಿಷಯದಲ್ಲೂ ಹಾಗೆಯೇ, ‘ಆದರೆ’ ಎಂಬ ಪದಕ್ಕೆ ಅವಕಾಶವಿರಲಿಲ್ಲ.

ಮೊದಲ ಭಿನ್ನಾಭಿಪ್ರಾಯ ಹುಟ್ಟಿದ್ದು ಸಭೆ ಆರಂಭವಾದ ವಾರದಲ್ಲೇ. ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಮುಸ್ಲಿಂ ಲೀಗ್ ಸಭೆಯನ್ನು ಬಹಿಷ್ಕರಿಸಿತ್ತು, ದೇಶೀಯ ಸಂಸ್ಥಾನಗಳ ಪ್ರತಿನಿಧಿಗಳು ಇನ್ನೂ ಬಂದಿರಲಿಲ್ಲ. ಖಾಲಿ ಕುರ್ಚಿಗಳನ್ನು ಎದುರಿಗಿಟ್ಟುಕೊಂಡು ಇಂಥ ನಿರ್ಣಯ ಮಾಡಬಾರದು, ಕಾಯೋಣ ಎಂದು ಎಂ.ಆರ್. ಜಯಕರ್ ತಿದ್ದುಪಡಿ ತಂದರು. ಸಭೆಯಲ್ಲಿ ಅದಕ್ಕೆ ಒಲವು ಕಡಿಮೆ ಇತ್ತು. ಆದರೆ 17ರಂದು ಮಾತನಾಡಿದ ಡಾ. ಅಂಬೇಡ್ಕರ್, ಹೀಗೆ ಮಾಡುವ ಅಧಿಕಾರ ನಮಗಿದೆಯೇ ಎನ್ನುವುದಕ್ಕಿಂತ ಹೀಗೆ ಮಾಡುವುದು ವಿವೇಕವೇ ಎಂದು ಕೇಳಿಕೊಳ್ಳಬೇಕು ಎಂದರು. ಸಭೆ ಕಾಯಿತು. ನಿರ್ಣಯ ಅಂಗೀಕಾರವಾದದ್ದು 1947ರ ಜನವರಿ 22ರಂದು, ಅಷ್ಟರಲ್ಲಿ ಜಯಕರ್ ತಮ್ಮ ತಿದ್ದುಪಡಿಯನ್ನು ಹಿಂದಕ್ಕೆ ಪಡೆದಿದ್ದರು. ಲೀಗ್ ಬರಲಿಲ್ಲ, ನಿಜ. ಆದರೂ ಬಾಗಿಲು ಹಾಕಿಕೊಂಡವರು ನಾವು ಎಂಬ ಮಾತು ಸಭೆಯ ಮೇಲೆ ಬರಲಿಲ್ಲ.

ಆ ನಿರ್ಣಯದೊಳಗೇ ಒಂದು ರಾಜಿ ಅಡಗಿತ್ತು. ಲೀಗನ್ನೂ ಸಂಸ್ಥಾನಗಳನ್ನೂ ಒಳಗೆ ತರುವ ಆಸೆಯಿಂದ, ಘಟಕಗಳು, ಅಂದರೆ ಪ್ರಾಂತಗಳು ಮತ್ತು ಸಂಸ್ಥಾನಗಳು, ಸ್ವಾಯತ್ತವಾಗಿರುತ್ತವೆ ಮತ್ತು ಶೇಷಾಧಿಕಾರಗಳು (ಹೆಸರಿಸಿ ಹಂಚದೆ ಉಳಿದ ಅಧಿಕಾರಗಳು) ಅವುಗಳಲ್ಲೇ ಉಳಿಯುತ್ತವೆ ಎಂದು ಅದರಲ್ಲಿ ಬರೆಯಲಾಗಿತ್ತು. 1947ರ ಜೂನ್ 3ರಂದು ವಿಭಜನೆಯ ಯೋಜನೆ ಪ್ರಕಟವಾದ ಕೆಲವೇ ದಿನಗಳಲ್ಲಿ, ಬಲವಾದ ಕೇಂದ್ರವಿರುವ ಒಕ್ಕೂಟ ಬೇಕು ಎಂಬ ತೀರ್ಮಾನಕ್ಕೆ ಸಮಿತಿಗಳು ಬಂದವು. ಇಂದು 248ನೇ ವಿಧಿಯ ಪ್ರಕಾರ ಶೇಷಾಧಿಕಾರ ಸಂಸತ್ತಿನದು. ಯಾರಿಗಾಗಿ ರಾಜಿ ಮಾಡಿಕೊಂಡಿದ್ದರೋ ಅವರು ಹೊರಟುಹೋದ ಮೇಲೆ ಆ ರಾಜಿಯೂ ಹೋಯಿತು. ಒಕ್ಕೂಟ ವ್ಯವಸ್ಥೆಯ ಬಗ್ಗೆ ಮಕ್ಕಳಿಗೆ ಹೇಳುವಾಗ ಈ ಆರು ತಿಂಗಳ ತಿರುವನ್ನು ಬಿಡಬೇಡಿ; ರಾಜ್ಯಗಳು ಮತ್ತು ಕೇಂದ್ರದ ನಡುವೆ ಇಂದಿಗೂ ನಡೆಯುವ ವಾಗ್ವಾದಗಳ ಒಂದು ಬೇರು ಅಲ್ಲಿದೆ.

ಇನ್ನು, ಒಪ್ಪಂದಗಳು ಎಲ್ಲಿ ಆಗುತ್ತಿದ್ದವು? ಸಭಾಂಗಣದಲ್ಲಿ ಆಗುತ್ತಿದ್ದುದು ಸ್ವಲ್ಪವೇ. ವಿಭಜನೆಯ ನಂತರ ಉಳಿದ 299 ಸ್ಥಾನಗಳಲ್ಲಿ ಕಾಂಗ್ರೆಸ್ಸಿನದು ಅಗಾಧ ಬಹುಮತ. ಕ್ಲಿಷ್ಟ ವಿಧಿಗಳೆಲ್ಲ ಮೊದಲು ಆ ಪಕ್ಷದ ಸದಸ್ಯರ ಖಾಸಗಿ ಸಭೆಯಲ್ಲಿ ಚರ್ಚೆಗೆ ಬಂದು, ಅಲ್ಲಿ ಹದಗೊಂಡು, ನಂತರ ಸಭೆಯ ಮುಂದೆ ಬರುತ್ತಿದ್ದವು. ಪಕ್ಷದ ಹೊರಗಿನವರಾಗಿದ್ದ ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ, ಕಾಂಗ್ರೆಸ್ಸಿನ ಶಿಸ್ತು ಇಲ್ಲದಿದ್ದರೆ ಕೆಲಸ ಗೊಂದಲದ ಗೂಡಾಗುತ್ತಿತ್ತು ಎಂದು ಒಪ್ಪಿಕೊಂಡರು. ಅದೇ ಉಸಿರಿನಲ್ಲಿ ಎಚ್.ವಿ. ಕಾಮತ್, ಕೆ.ಟಿ. ಶಾ, ಠಾಕೂರ್ ದಾಸ್ ಭಾರ್ಗವ, ಹೃದಯನಾಥ ಕುಂಜ್ರು ಮೊದಲಾದ ತಕರಾರುಗಾರರನ್ನು ಹೆಸರು ಹಿಡಿದು ಸ್ಮರಿಸಿ, ಅವರಿಲ್ಲದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಎಂದರು. ಮತಕ್ಕೆ ಹಾಕಿ ಎಣಿಸಿದ ಸಂದರ್ಭಗಳು ಕಡಿಮೆ. ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಕಾಮತ್ ಹಟ ಹಿಡಿದು ಮತಕ್ಕೆ ಹಾಕಿಸಿದ್ದು ಅಂಥ ಒಂದು ಸಂದರ್ಭ; 41 ಪರ, 68 ವಿರೋಧ, ದೇವರು ಸೋತರು. ಆಸ್ತಿಕರೇ ಹೆಚ್ಚಿದ್ದ ಸಭೆಯಲ್ಲಿ ಇದು ಆಗಿದ್ದು ಗಮನಿಸತಕ್ಕದ್ದು: ದೇವರನ್ನು ಮತಕ್ಕೆ ಹಾಕುವುದೇ ಸರಿಯಲ್ಲ ಎಂಬುದು ಹಲವರ ಸಂಕಟವಾಗಿತ್ತು.

ಒಪ್ಪಿಗೆಯಾಗದ ಆಶಯಗಳನ್ನು ಇಡಲು ಸಭೆಗೆ ಒಂದು ಅಟ್ಟವಿತ್ತು, ಅದೇ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಭಾಗ. ನ್ಯಾಯಾಲಯದ ಮೂಲಕ ಜಾರಿ ಮಾಡಿಸಲಾಗದ, ಆದರೆ ಆಡಳಿತಕ್ಕೆ ಮೂಲಭೂತವೆಂದು ಕರೆಯಲಾದ ಮಾತುಗಳು ಅಲ್ಲಿವೆ. ಏಕರೂಪ ನಾಗರಿಕ ಸಂಹಿತೆ ಅಲ್ಲಿಗೆ ಹೋಯಿತು. ಅದು ಜಾರಿಗೆ ಬರಬಲ್ಲ ಹಕ್ಕೇ ಆಗಬೇಕಿತ್ತೆಂದು ಮಿನೂ ಮಸಾನಿ, ರಾಜಕುಮಾರಿ ಅಮೃತ್ ಕೌರ್ ಮತ್ತು ಹಂಸಾ ಮೆಹ್ತಾ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಭಿನ್ನಮತ ಬರೆದಿಟ್ಟಿದ್ದರು. ಗೋರಕ್ಷಣೆ ಕೃಷಿ ಮತ್ತು ಪಶುಸಂಗೋಪನೆಯ ಭಾಷೆ ತೊಟ್ಟು ಅಲ್ಲಿ ಸೇರಿತು. ಗ್ರಾಮ ಪಂಚಾಯಿತಿಯ ಪ್ರಸಂಗ ಇನ್ನೂ ಸ್ವಾರಸ್ಯಕರ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತೆಯ ಕೂಪ, ಅಜ್ಞಾನದ ಬೀಡು ಎಂಬರ್ಥದಲ್ಲಿ ಬಣ್ಣಿಸಿದ್ದರು. ಗಾಂಧಿವಾದಿಗಳು ಕೆರಳಿದರು. ಹದಿನೆಂಟು ದಿನಗಳ ನಂತರ, ನವೆಂಬರ್ 22ರಂದು, ಪಂಚಾಯಿತಿಗಳನ್ನು ಸಂಘಟಿಸಬೇಕೆಂಬ ತಿದ್ದುಪಡಿಯನ್ನು ಕೆ. ಸಂತಾನಂ ಮಂಡಿಸಿದಾಗ ಅಂಬೇಡ್ಕರ್ ವಾದಕ್ಕಿಳಿಯದೆ ಅದನ್ನು ಒಪ್ಪಿಕೊಂಡರು. ತಮ್ಮ ಅಭಿಪ್ರಾಯವನ್ನು ಅವರು ಬದಲಿಸಿಕೊಂಡಿದ್ದರೆಂದು ನನಗನ್ನಿಸುವುದಿಲ್ಲ. ಇದು ಅಟ್ಟದ ಮೇಲಿಡುವ ವಸ್ತು, ಇಟ್ಟರೆ ನಷ್ಟವಿಲ್ಲ ಎಂದು ಎಣಿಸಿದ್ದಿರಬಹುದು. 40ನೇ ವಿಧಿಯಾದ ಆ ಮಾತು 1992ರ 73ನೇ ತಿದ್ದುಪಡಿಯವರೆಗೆ ಅಲ್ಲೇ ಕಾಯಬೇಕಾಯಿತು.

ಅಲ್ಪಸಂಖ್ಯಾತರ ಪ್ರಾತಿನಿಧ್ಯವನ್ನು ರಾಜಿಗಳ ಸಾಲಿಗೆ ಸೇರಿಸಲು ನನಗೆ ಹಿಂಜರಿಕೆ. 1947ರ ಆಗಸ್ಟ್‌ನಲ್ಲಿ, ಒಂದು ಸಮುದಾಯದವರೇ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟು, ಅದಕ್ಕೆ ಬದಲಾಗಿ ಜಂಟಿ ಕ್ಷೇತ್ರಗಳಲ್ಲಿ ಮೀಸಲು ಸ್ಥಾನ ಕೊಡುವುದೆಂದು ಒಪ್ಪಲಾಗಿತ್ತು. ಅದು ರಾಜಿ. 1949ರ ಮೇ ತಿಂಗಳಲ್ಲಿ, ಬಂಗಾಳದ ಕ್ರೈಸ್ತ ಮುಖಂಡ ಎಚ್.ಸಿ. ಮುಖರ್ಜಿಯವರ ಸೂಚನೆಯ ಮೇರೆಗೆ ಧರ್ಮಾಧಾರಿತ ಮೀಸಲು ಸ್ಥಾನಗಳೂ ಹೋದವು. ಸಭೆಯಲ್ಲಿದ್ದ ಏಕೈಕ ಮುಸ್ಲಿಂ ಮಹಿಳೆ ಬೇಗಂ ಐಜಾಜ್ ರಸೂಲ್, ಮೀಸಲಾತಿ ತನ್ನನ್ನೇ ನಾಶಮಾಡಿಕೊಳ್ಳುವ ಆಯುಧ ಎಂದು ಹೇಳಿ ಇದನ್ನು ಬೆಂಬಲಿಸಿದರು; ಮದ್ರಾಸಿನ ಮೊಹಮ್ಮದ್ ಇಸ್ಮಾಯಿಲ್ ಬಲವಾಗಿ ವಿರೋಧಿಸಿದರು. ವಿಭಜನೆಯ ನಂತರದ ದಿನಗಳಲ್ಲಿ ‘ಬೇಡ’ ಎಂದು ಹೇಳುವ ಸ್ವಾತಂತ್ರ್ಯ ಎರಡೂ ಕಡೆಗೆ ಸಮನಾಗಿತ್ತೆಂದು ಹೇಳಲಾಗದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮಾತ್ರ ಹತ್ತು ವರ್ಷದ ಗಡುವಿನೊಂದಿಗೆ ಸ್ಥಾನಗಳು ಉಳಿದವು. ಆ ಗಡುವು ಹತ್ತು ಹತ್ತು ವರ್ಷಕ್ಕೊಮ್ಮೆ ಮುಂದೆ ಹೋಗುತ್ತ, 104ನೇ ತಿದ್ದುಪಡಿಯಿಂದ 2030ರವರೆಗೆ ಬಂದು ನಿಂತಿದೆ.

ರಾಜಿಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಬೇಕಿದ್ದರೆ ಒಂದೇ ಒಂದು ವಾರವನ್ನು ತೆಗೆದುಕೊಳ್ಳಿ: 1949ರ ಸೆಪ್ಟೆಂಬರ್ 10ರ ಶನಿವಾರದಿಂದ 16ರ ಶುಕ್ರವಾರದವರೆಗೆ. ಆಸ್ತಿ, ಭಾಷೆ, ಬಂಧನ ಈ ಮೂರೂ ಆ ಏಳು ದಿನಗಳಲ್ಲಿ ಸಭೆಯ ಮುಂದೆ ಬಂದವು.

ಆಸ್ತಿಯ ವಿಧಿಯನ್ನು ಸ್ವತಃ ನೆಹರೂ ಮಂಡಿಸಿದರು. ಜಮೀನ್ದಾರಿ ಪದ್ಧತಿಯನ್ನು ತೆಗೆಯುತ್ತೇವೆಂದು ಕಾಂಗ್ರೆಸ್ ಜನರಿಗೆ ಮಾತು ಕೊಟ್ಟಿತ್ತು, ಪೂರ್ಣ ಮಾರುಕಟ್ಟೆ ಬೆಲೆ ತೆತ್ತು ತೆಗೆಯಲು ಯಾವ ಪ್ರಾಂತದ ಬೊಕ್ಕಸದಲ್ಲೂ ಹಣವಿರಲಿಲ್ಲ. ಇನ್ನೊಂದೆಡೆ, ಆಸ್ತಿಯನ್ನು ಸರ್ಕಾರ ಕಸಿದುಕೊಳ್ಳಬಹುದೆಂದರೆ ಉದ್ಯಮಗಳ ಗತಿಯೇನು ಎಂಬ ಆತಂಕ ಪಟೇಲರಂಥವರಿಗೂ ಇತ್ತು. ಕೊನೆಗೆ ಒಪ್ಪಿದ ಸೂತ್ರದಲ್ಲಿ ‘ಪರಿಹಾರ’ ಎಂಬ ಪದ ಉಳಿಯಿತು, ಅದರ ಹಿಂದೆ ‘ನ್ಯಾಯಯುತ’ ಎಂಬ ವಿಶೇಷಣ ಇರಲಿಲ್ಲ. ಜೊತೆಗೆ, ಆಗಲೇ ಶಾಸನ ಸಭೆಗಳ ಮುಂದಿದ್ದ ಜಮೀನ್ದಾರಿ ರದ್ದತಿ ಮಸೂದೆಗಳು ರಾಷ್ಟ್ರಪತಿಯ ಒಪ್ಪಿಗೆ ಪಡೆದರೆ, ಪರಿಹಾರ ಸಾಲದೆಂದು ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂಬ ಉಪವಿಧಿಯನ್ನು ಸೇರಿಸಲಾಯಿತು. ಯಾವ ನ್ಯಾಯಾಲಯವೂ ತಾನೇ ಮೂರನೆಯ ಸದನವಾಗಲಾರದು ಎಂದು ನೆಹರೂ ಭರವಸೆಯಿಂದ ನುಡಿದರು. ಮುಂದೆ ಆದದ್ದೇ ಬೇರೆ. 1951ರಲ್ಲಿ ಬಿಹಾರದ ಕಾಯಿದೆಯನ್ನು ಪಟ್ನಾ ಹೈಕೋರ್ಟ್ ಪರಿಹಾರದ ಆಧಾರದ ಮೇಲಲ್ಲ, 14ನೇ ವಿಧಿಯ ಸಮಾನತೆಯ ಆಧಾರದ ಮೇಲೆ ರದ್ದು ಮಾಡಿತು. ಮುಂಬಾಗಿಲಿಗೆ ಬೀಗ ಹಾಕಿದ್ದರೆ ಹಿತ್ತಿಲ ಬಾಗಿಲು ತೆರೆದಿತ್ತು. ಮೊದಲನೇ ತಿದ್ದುಪಡಿ ಮತ್ತು, ಪಟ್ಟಿಯಲ್ಲಿ ಸೇರಿದ ಕಾಯಿದೆಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ರದ್ದು ಮಾಡದಂತೆ ಕಾಯುವ ಒಂಬತ್ತನೇ ಅನುಸೂಚಿ ಹುಟ್ಟಿದ್ದು ಹೀಗೆ. 1953ರಲ್ಲಿ ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಹಾರವೆಂದರೆ ಕಳೆದುಕೊಂಡದ್ದಕ್ಕೆ ಸರಿಸಮನಾದ ಮೊತ್ತವೇ ಎಂದು ಅರ್ಥ ಹೇಳಿತು. ಬೇಕೆಂದೇ ಬಿಟ್ಟಿದ್ದ ವಿಶೇಷಣ ಪದದೊಳಗಿಂದಲೇ ಎದ್ದು ಬಂದಂತಾಯಿತು.

ಸೋಮವಾರ, 12ರಂದು, ಭಾಷೆಯ ಚರ್ಚೆ ಆರಂಭವಾಯಿತು. ಸಭೆಯ ಮೊದಲ ವಾರದಲ್ಲೇ ಸದಸ್ಯರಾದ ಆರ್.ವಿ. ಧುಲೇಕರ್, ಹಿಂದೂಸ್ತಾನಿ ಬಾರದವರಿಗೆ ಈ ದೇಶದಲ್ಲಿರುವ ಹಕ್ಕಿಲ್ಲ ಎಂದಿದ್ದರು. 1948ರ ನವೆಂಬರಿನಲ್ಲಿ ಟಿ.ಟಿ. ಕೃಷ್ಣಮಾಚಾರಿ ಹಿಂದಿ ಸಾಮ್ರಾಜ್ಯಶಾಹಿಯ ಬಗ್ಗೆ ಎಚ್ಚರಿಸಿ, ನಿಮಗೆ ಇಡೀ ಭಾರತ ಬೇಕೋ, ಹಿಂದಿ ಭಾರತ ಬೇಕೋ ಎಂದು ಕೇಳಿದ್ದರು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟಲು ಕೆ.ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಒಂದು ಸೂತ್ರವನ್ನು ಸಿದ್ಧಪಡಿಸಿದರು. ಚರ್ಚೆಗೆ ಮುನ್ನ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಕೊಟ್ಟ ಎಚ್ಚರಿಕೆಯನ್ನು ನಾನು ಆ ವಾರದ ಅತ್ಯಂತ ಮಹತ್ವದ ಮಾತೆಂದು ಭಾವಿಸುತ್ತೇನೆ: ಬಹುಮತದಿಂದ ಗೆದ್ದರೂ, ದೇಶದ ಗಣನೀಯ ಭಾಗ ಒಪ್ಪದ ತೀರ್ಮಾನವನ್ನು ಜಾರಿಗೆ ತರುವುದು ಕಷ್ಟವಾಗುತ್ತದೆ ಎಂಬುದು ಅದರ ಸಾರ.

ಸೂತ್ರದಲ್ಲಿ ‘ರಾಷ್ಟ್ರಭಾಷೆ’ ಎಂಬ ಪದವೇ ಇರಲಿಲ್ಲ. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆ. ಹದಿನೈದು ವರ್ಷ ಇಂಗ್ಲಿಷ್ ಮುಂದುವರಿಕೆ. ಉಚ್ಚ ನ್ಯಾಯಾಲಯಗಳಿಗೂ ಸುಪ್ರೀಂ ಕೋರ್ಟಿಗೂ ಸಂಸತ್ತು ಬೇರೆ ಹೇಳುವವರೆಗೆ ಇಂಗ್ಲಿಷ್. ಎಂಟನೇ ಅನುಸೂಚಿಯಲ್ಲಿ ಕನ್ನಡವೂ ಸೇರಿ ಹದಿನಾಲ್ಕು ಭಾಷೆಗಳು. ಇಷ್ಟೆಲ್ಲ ಒಪ್ಪಿದವರು ಎಡವಿ ನಿಂತದ್ದು ಅಂಕಿಗಳ ಮೇಲೆ. ಲಿಪಿ ದೇವನಾಗರಿಯಾದರೆ ಅಂಕಿಗಳೂ ದೇವನಾಗರಿಯೇ ಆಗಬೇಕೆಂದು ಪುರುಷೋತ್ತಮ ದಾಸ್ ಟಂಡನ್ ಮತ್ತು ಅವರ ಸಂಗಡಿಗರು ಪಟ್ಟು ಹಿಡಿದರು. ದಕ್ಷಿಣದವರು ಅದಕ್ಕೆ ಸುತರಾಂ ಒಪ್ಪಲಿಲ್ಲ. ನಿಜವಾದ ಜಗಳ ಅಂಕಿಯ ಆಕಾರದ್ದಲ್ಲ, ಯಾರು ಎಷ್ಟು ಹೆಜ್ಜೆ ಹಿಂದಿಡಬೇಕು ಎಂಬುದರದ್ದು. ಸೆಪ್ಟೆಂಬರ್ 14ರಂದು ಬಗೆಹರಿದಾಗ ಸಿಕ್ಕಿದ ಪದಪುಂಜವನ್ನು 343ನೇ ವಿಧಿಯಲ್ಲಿ ಇಂದಿಗೂ ಓದಬಹುದು: ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’. ಲೋಕವೆಲ್ಲ ಬಳಸುವ ಅಂಕಿಗಳು ಮೂಲತಃ ಇಲ್ಲಿಂದಲೇ ಹೋದವು ಎಂಬುದು ಚರಿತ್ರೆಯ ಸಂಗತಿ. ಅದನ್ನೇ ನೆನಪಿಸಿ, ಇಂಗ್ಲಿಷಿನ ಅಂಕಿಗಳೆಂದು ಎಲ್ಲರೂ ಕರೆಯುತ್ತಿದ್ದುದನ್ನು ಸ್ವದೇಶಿಯಾಗಿಸಿದ ಜಾಣ್ಮೆ ಈ ಮಾತಿನದು. ಈ ಬರಹದಲ್ಲಿ ನೀವು ಓದುತ್ತಿರುವ ಇಸವಿಗಳೂ ಅದೇ ರೂಪದಲ್ಲಿವೆ.

ಹದಿನೈದು ವರ್ಷದ ಗಡುವಿನ ಪಕ್ಕದಲ್ಲೇ ಅದನ್ನು ಸಡಿಲಿಸುವ ಉಪವಿಧಿಯೂ ಇತ್ತು: ಗಡುವು ಮುಗಿದ ಮೇಲೂ ಇಂಗ್ಲಿಷನ್ನು ಬಳಸಲು ಸಂಸತ್ತು ಕಾನೂನು ಮಾಡಬಹುದು. 1965 ಸಮೀಪಿಸಿದಾಗ ಈ ಸಡಿಲಿಕೆಯೇ ದೇಶವನ್ನು ಕಾಪಾಡಿತು. 1963ರಲ್ಲಿ ಅಧಿಕೃತ ಭಾಷಾ ಕಾಯಿದೆ ಬಂದಿತು, 1965ರಲ್ಲಿ ಹಿಂದಿ ವಿರೋಧಿ ಚಳವಳಿಯಿಂದ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು, 1967ರ ತಿದ್ದುಪಡಿ ಇಂಗ್ಲಿಷಿನ ಬಳಕೆಗೆ ಗಟ್ಟಿ ನೆಲೆ ಕೊಟ್ಟಿತು. ಸಭೆ ಜಗಳವನ್ನು ಮುಂದೂಡಿತೇ ಹೊರತು ಮುಗಿಸಲಿಲ್ಲ ಎಂದು ಟೀಕಿಸುವವರಿದ್ದಾರೆ. ಸಾಧ್ಯವಿದ್ದ ತೀರ್ಮಾನಗಳಲ್ಲಿ ಅದೇ ಉತ್ತಮವಾದದ್ದೆಂದು ನಾನು ಹೇಳುತ್ತೇನೆ.

ಬಂಧನದ ವಿಷಯದಲ್ಲಿ ಸಭೆಯ ಬಗ್ಗೆ ಇಷ್ಟು ಉದಾರವಾಗಿರಲು ನನ್ನಿಂದಾಗದು. ವ್ಯಕ್ತಿಯ ಸ್ವಾತಂತ್ರ್ಯವನ್ನು ‘ಡ್ಯೂ ಪ್ರೋಸೆಸ್’, ಅಂದರೆ ನ್ಯಾಯಸಮ್ಮತವಾದ ಪ್ರಕ್ರಿಯೆ, ಇಲ್ಲದೆ ಕಿತ್ತುಕೊಳ್ಳಲಾಗದು ಎಂದು 1947ರಲ್ಲಿ ಒಪ್ಪಲಾಗಿತ್ತು. ಸಂವಿಧಾನ ಸಲಹೆಗಾರರಾಗಿದ್ದ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಅದೇ ವರ್ಷದ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಈ ಪದಗಳು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತವೆ ಎಂದರು. 1948ರ ಕರಡಿನಲ್ಲಿ ಆ ಪದಗಳ ಜಾಗದಲ್ಲಿ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಎಂಬ ಮಾತು ಬಂದಿತ್ತು. ಶಾಸಕಾಂಗ ಎಂಥ ಪ್ರಕ್ರಿಯೆಯನ್ನು ಬರೆದರೂ ಸಾಕು ಎಂಬುದು ಅದರ ಅರ್ಥ. 1948ರ ಡಿಸೆಂಬರಿನ ಚರ್ಚೆಯಲ್ಲಿ ಹಲವರು ಪ್ರತಿಭಟಿಸಿದರು. ಉತ್ತರ ಕೊಡಬೇಕಾದ ಅಂಬೇಡ್ಕರ್, ಪಕ್ಷದವರಿಂದ ತುಂಬಿದ ಶಾಸಕಾಂಗವನ್ನೂ ನಂಬಲಾರೆ, ಐದಾರು ನ್ಯಾಯಾಧೀಶರನ್ನೂ ನಂಬಲಾರೆ ಎಂಬಂಥ ಇಕ್ಕಟ್ಟನ್ನು ಗ್ರೀಕ್ ಪುರಾಣದ ಹೋಲಿಕೆಯಿಂದ ವಿವರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅತ್ತ ದರಿ, ಇತ್ತ ಪುಲಿ. ತೀರ್ಮಾನವನ್ನು ಸಭೆಗೇ ಬಿಟ್ಟರು. ಕರಡಿನ ಮಾತು ಉಳಿಯಿತು.

ಆ ಅಸಮಾಧಾನ ಒಳಗೊಳಗೇ ಕುದಿಯುತ್ತಿತ್ತು. 1949ರ ಸೆಪ್ಟೆಂಬರ್ 15ರಂದು, ಭಾಷೆಯ ಜಗಳ ಮುಗಿದ ಮರುದಿನ, ಅಂಬೇಡ್ಕರ್ ಹೊಸ ವಿಧಿಯೊಂದನ್ನು ತಂದರು. ಹಿಂದಿನ ವಿಧಿಯಿಂದ ಸಂಸತ್ತಿಗೆ ಖಾಲಿ ಚೆಕ್ ಕೊಟ್ಟಂತಾಗಿತ್ತು ಎಂಬುದನ್ನು ಅವರೇ ಮರೆಮಾಚದೆ ಹೇಳಿದರು. ಬಂಧಿತರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇಂದಿನ 22ನೇ ವಿಧಿ ಅದು. ಆದರೆ ಮುನ್ನೆಚ್ಚರಿಕೆಯ ಬಂಧನಕ್ಕೆ, ಅಂದರೆ ಮುಂದೆ ಅಪರಾಧ ಮಾಡಬಹುದೆಂಬ ಶಂಕೆಯಿಂದ ವಿಚಾರಣೆಯಿಲ್ಲದೆ ಹಿಡಿದಿಡುವುದಕ್ಕೆ, ಈ ರಕ್ಷಣೆಗಳು ಅನ್ವಯಿಸುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾದರೆ ಮಾತ್ರ ಸಲಹಾ ಮಂಡಳಿಯ ಅಭಿಪ್ರಾಯ ಬೇಕು. ಸ್ವತಃ ಎಷ್ಟೋ ವರ್ಷ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವರು ಕುಳಿತಿದ್ದ ಸಭೆ, ವಿಚಾರಣೆಯಿಲ್ಲದ ಬಂಧನಕ್ಕೆ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲೇ ಜಾಗ ಕೊಟ್ಟಿತು. ಕೋಮುಗಲಭೆ ಮತ್ತು ಸಶಸ್ತ್ರ ದಂಗೆಗಳ ಕಾಲ ಅದು ಎಂಬ ವಿವರಣೆ ನನಗೆ ಗೊತ್ತು, ಒಪ್ಪಿಗೆಯಿಲ್ಲ.

ಸಂವಿಧಾನ ಅಂಗೀಕಾರವಾಗುವ ಕೆಲವು ದಿನ ಮೊದಲು ಮೈಸೂರಿನ ಪ್ರತಿನಿಧಿ ಕೆ. ಹನುಮಂತಯ್ಯನವರು, ನಮಗೆ ಬೇಕಿದ್ದುದು ವೀಣೆಯ ಅಥವಾ ಸಿತಾರಿನ ನಾದ, ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದು ವಿಷಾದಪಟ್ಟರು. ಬ್ರಿಟಿಷರು ಮಾಡಿದ 1935ರ ಭಾರತ ಸರ್ಕಾರ ಕಾಯಿದೆಯಿಂದ ಬಂದ ಭಾಗಗಳ ಮಟ್ಟಿಗೆ ಆ ಟೀಕೆಗೆ ಆಧಾರವಿದೆ. ಆದರೆ ಮೇಲಿನ ಮೂರು ಪ್ರಸಂಗಗಳನ್ನು ನೋಡಿದರೆ, ಸ್ವರ ಎಲ್ಲಿಂದ ಬಂದಿತ್ತೋ ಬಿಡಿ, ಅಪಸ್ವರಗಳೆಲ್ಲ ನಮ್ಮವೇ ಆಗಿದ್ದವು.

ಹಾನಿಯಾಯಿತೇ ಎಂದು ಕೇಳಿದ್ದೀರಿ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ಯ ಮಾತಿರುವ 21ನೇ ವಿಧಿಯನ್ನು ಬರೆದವರ ಅರ್ಥದಲ್ಲೇ ಓದಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಹೇಳಿ, ಬಿಟ್ಟಿದ್ದನ್ನು ಬೇರೆ ದಾರಿಯಿಂದ ಒಳತಂದಿತು. ಅದೇ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಸ್ಥಳಾಂತರಿಸಿತು, ಆ ಭಾಗ 1979ರ ಜೂನ್‌ನಲ್ಲಿ ಜಾರಿಗೆ ಬಂದಿತು. ಮುನ್ನೆಚ್ಚರಿಕೆಯ ಬಂಧನದ ಮೂರು ತಿಂಗಳನ್ನು ಎರಡಕ್ಕೆ ಇಳಿಸುವ ಮಾತೂ ಅದೇ ತಿದ್ದುಪಡಿಯಲ್ಲಿದೆ. ಅದನ್ನು ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಇಂದಿನವರೆಗೆ ಹೊರಡಿಸಿಲ್ಲ; 22ನೇ ವಿಧಿಯಲ್ಲಿ ಈಗಲೂ ನಡೆಯುತ್ತಿರುವುದು ಸೆಪ್ಟೆಂಬರಿನ ಆ ವಾರದಲ್ಲಿ ಒಪ್ಪಿದ ಮೂರು ತಿಂಗಳೇ.